ಹಳದಿ ಗುರುತಿನ ಹನ್ನೆರಡು ಕುರಿಗಳು

ಹುಳು ಸತ್ತಿದೆಯೆಂದು ಬರೆಯುವ ಮೊದಲು ಅದನ್ನು ಸೂಜಿಯ ಮೊನೆಯಿಂದ ಮೂರು ಸಲ ಮುಟ್ಟಬೇಕು. ಪ್ರತಿಸಲ ಮುಟ್ಟಿದ ಮೇಲೂ ಒಂದು ನಿಮಿಷ ಕಾಯಬೇಕು. ಮೂರನೆಯ ಸಲವೂ ಅಲುಗದಿದ್ದರೆ ಮಾತ್ರ ಅದನ್ನು ಸತ್ತವುಗಳ ಸಾಲಿಗೆ ಸೇರಿಸಬೇಕು. ಈ ನಿಯಮವನ್ನು ಮಾಡಿದವನು ನಾನು. ಅದನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಬೆಳಗಾವಿಯಿಂದ ಹಿಂಡಲಗಾಕ್ಕೆ ಹೋಗುವ ದಾರಿಯ ಬದಿಯಲ್ಲಿದ್ದ ನಮ್ಮ ತಗಡಿನ ಶೆಡ್ಡಿನ ಗೋಡೆಗೆ ಅಂಟಿಸಿದವನೂ ನಾನೇ. ನನಗೆ ಸಹಾಯಕನಾಗಿ ಬಂದ ಮೊದಲ ದಿನವೇ ಅದನ್ನು ಮುರಿದವನು ಒಬ್ಬ ತರುಣ.

ಪಿಂಗಾಣಿ ತಟ್ಟೆಯ ಮೇಲೆ ಬಾಗಿ ಒಂದು ಕ್ಷಣ ನೋಡಿ, "ಇದು ಸತ್ತೈತ್ರಿ ಮಾಸ್ತರ" ಎಂದ.

"ಮುಟ್ಟಿ ನೋಡಿದೆಯೇನು?"

"ಮುಟ್ಟೂದ್ಯಾಕ್ರಿ? ಮೈ ನೋಡ್ರಲ್ಲಾ, ಜೋತ ಬಿದ್ದೈತಿ. ಬದುಕಿದ್ದ ಹುಳಾ ಹಿಂಗ ಮಲಗೂದಿಲ್ಲ."

ನಾನು ಗಡಿಯಾರ ತೆಗೆದೆ. ಮೂರು ಸಲ ಮುಟ್ಟಿದೆ. ಹುಳು ಸತ್ತಿತ್ತು. ಸತ್ತಿದೆಯೆಂದು ಬರೆದೆ. ಆತ ಒಂದು ಕ್ಷಣದಲ್ಲಿ ಕಂಡದ್ದನ್ನು ಸಾಬೀತುಪಡಿಸಲು ನನಗೆ ಮೂರು ನಿಮಿಷ ಬೇಕಾಗಿತ್ತು. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆ ಮೂರು ನಿಮಿಷಗಳಲ್ಲಿ. ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ.

ಆತ ನನ್ನ ಹಳೆಯ ವಿದ್ಯಾರ್ಥಿ. ಖಾನಾಪುರದವನು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ವಿಭಕ್ತಿ ಪ್ರತ್ಯಯಗಳನ್ನು ಒಪ್ಪಿಸಲಾರದೆ ನನ್ನ ತರಗತಿಯ ಬೆಂಚಿನ ಮೇಲೆ ಎಷ್ಟೋ ದಿನ ನಿಂತವನು. ಮುಂದೆ ಪುಣೆಗೆ ಹೋಗಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಬಂದಿದ್ದ. ನಾನಾದರೋ ಮುಖ್ಯೋಪಾಧ್ಯಾಯರೊಡನೆ ಮನಸ್ತಾಪವಾಗಿ ಶಾಲೆ ಬಿಟ್ಟವನು. ನನ್ನ ರಸಾಯನವೆಲ್ಲ ಪುಸ್ತಕ ಓದಿ, ಪಾತ್ರೆ ತೊಳೆದು ಕಲಿತದ್ದು.

ಶೆಡ್ಡನ್ನು ಕಟ್ಟಿಸಿದವರು ಬೆಳಗಾವಿಯ ಒಬ್ಬ ಕಂಬಳಿ ವ್ಯಾಪಾರಿ. ಮಹಾಯುದ್ಧ ಮುಗಿದು ಆರೇಳು ವರ್ಷಗಳಾಗಿದ್ದ ಕಾಲ ಅದು. ಸುತ್ತಲಿನ ಕುರಿಗಾರರಿಂದ ಉಣ್ಣೆ ಕೊಳ್ಳುತ್ತಿದ್ದ ಸಾಹುಕಾರರಿಗೆ ಒಂದೇ ಚಿಂತೆ. ಕುರಿಗೆ ಕತ್ತರಿ ಹಾಕುವಾಗ ಚರ್ಮಕ್ಕೆ ಅಲ್ಲಲ್ಲಿ ಗಾಯವಾಗುತ್ತದೆ. ಮಳೆಗಾಲದಲ್ಲಿ ಹಸಿರಾಗಿ ಹೊಳೆಯುವ ಒಂದು ಜಾತಿಯ ನೊಣ ಆ ಗಾಯದ ಮೇಲೆ ಮೊಟ್ಟೆಯಿಡುತ್ತದೆ. ಮರುದಿನ ಮೊಟ್ಟೆಯೊಡೆದು ಹುಳುವಾಗುತ್ತದೆ. ಮೂರನೆಯ ದಿನಕ್ಕೆ ಅದು ಬದುಕಿರುವ ಮಾಂಸವನ್ನೇ ತಿನ್ನತೊಡಗುತ್ತದೆ. ಕುರಿ ಕಾಲು ಬಡಿಯುತ್ತದೆ, ತನ್ನ ಪಕ್ಕೆಯನ್ನು ತಾನೇ ಕಚ್ಚುತ್ತದೆ, ಮೇವು ಬಿಡುತ್ತದೆ, ವಾರದೊಳಗೆ ಬೀಳುತ್ತದೆ. ಪರದೇಶದಿಂದ ಬರುವ ಕಾರ್ಬೋಲಿಕ್ ತೈಲ ಹಳ್ಳಿಗಳಿಗೆ ತಲುಪುತ್ತಿರಲಿಲ್ಲ. ಕುರಿಗಾರರು ಹಚ್ಚುತ್ತಿದ್ದ ಸೀಮೆಎಣ್ಣೆ ಹುಳುವಿನೊಡನೆ ಚರ್ಮವನ್ನೂ ಸುಡುತ್ತಿತ್ತು. ನಮ್ಮ ಸೀಮೆಯಲ್ಲಿ ದೊರೆಯುವ ವಸ್ತುಗಳಿಂದಲೇ, ಕುರಿಗಾರ ತನ್ನ ಕೈಯಾರೆ ಹಚ್ಚಬಹುದಾದ ಔಷಧವೊಂದು ಬೇಕೆಂದು ಸಾಹುಕಾರರು ನನ್ನನ್ನು ನೇಮಿಸಿಕೊಂಡಿದ್ದರು.

ತರುಣ ಬರುವ ಹೊತ್ತಿಗೆ ನಾನು ಒಬ್ಬನೇ ಎರಡು ವರ್ಷ ದುಡಿದಿದ್ದೆ. ಮಣ್ಣಿನ ಗಡಿಗೆಗಳಲ್ಲಿ ಆಡಿನ ಯಕೃತ್ತನ್ನು ಕೊಳೆಯಿಟ್ಟು ಹುಳು ಸಾಕುತ್ತಿದ್ದೆ. ಆ ನಾತಕ್ಕೆ ದಾರಿಹೋಕರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಮನೆಯಲ್ಲಿ ನನಗೆ ಹಿತ್ತಲ ಬಾಗಿಲಿನಿಂದಲೇ ಪ್ರವೇಶವಾಗಿತ್ತು. ನಿಪ್ಪಾಣಿಯ ತಂಬಾಕಿನ ದಂಟುಗಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಸೋಸಿ, ಹೊಂಗೆಯೆಣ್ಣೆ ಮತ್ತು ಸಾಬೂನಿನೊಡನೆ ಕಡೆದು ಒಂದು ದ್ರಾವಣವನ್ನು ಮಾಡಿದ್ದೆ. ಅದರಲ್ಲಿ ಅದ್ದಿದ ಹುಳು ನಾಲ್ಕು ನಿಮಿಷದೊಳಗೆ ಸಾಯುತ್ತಿತ್ತು. ಎರಡು ವರ್ಷಗಳ ಆ ದಾಖಲೆ ಪುಸ್ತಕಗಳಲ್ಲಿ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಮೃಗಶಿರ ಮಳೆ ಹಿಡಿದ ಮೇಲೆ ನನ್ನ ಔಷಧವನ್ನು ಮೊದಲ ಬಾರಿಗೆ ಜೀವಂತ ಕುರಿಯ ಮೇಲೆ ಪರೀಕ್ಷಿಸಲು ಖಾನಾಪುರ ತಾಲೂಕಿನ ಪಾರಿಶ್ವಾಡಕ್ಕೆ ಹೋದೆವು. ಅಲ್ಲಿಯ ಮಾಳದಲ್ಲಿ ಒಬ್ಬ ವೃದ್ಧ ಕುರಿಗಾರನೂ ಅವನ ಹೆಂಡತಿಯೂ ಹಿಂಡು ಹಾಕಿಕೊಂಡಿದ್ದರು. ಒಂದು ದೊಡ್ಡ ಕುರಿಯ ಬೆನ್ನಿನ ಗಾಯಕ್ಕೆ ನಾನು ಔಷಧ ಸುರಿದೆ. ಹುಳುಗಳು ಉದುರಿದವು. ನಾನು ಸಮಯವನ್ನು ಬರೆದುಕೊಳ್ಳುತ್ತಿದ್ದಾಗಲೇ ಕುರಿ ನಡುಗತೊಡಗಿತು. ಬಾಯಿಂದ ಜೊಲ್ಲು ಸುರಿಯಿತು. ಮುಂಗಾಲು ಮಡಿಸಿ ಬಿದ್ದಿತು.

"ಯಪ್ಪಾ, ನನ್ನ ಕುರಿ!" ಎಂದು ಕುರಿಗಾರನ ಹೆಂಡತಿ ಕೂಗಿದಳು.

ನಾನು ದಾಖಲೆ ಪುಸ್ತಕವನ್ನು ಹಿಡಿದು ನಿಂತೇ ಇದ್ದೆ. ತರುಣ ಕುರಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಕ್ಕೆ ಓಡಿದ. ಬೆನ್ನಿಗೆ ನೀರೆರಚಿ ತಿಕ್ಕುತ್ತ, "ಆಯಿ, ಚಾ ಕಾಸ್ರಿ! ಹಾಲು ಬ್ಯಾಡ, ಬೆಲ್ಲಾ ಬ್ಯಾಡ, ಬರೇ ಕಡಕ ಕರೀ ಚಾ!" ಎಂದು ಅರಚಿದ. ತಂಬಾಕಿನ ವಿಷಕ್ಕೆ ಚಹಾದ ಒಗರು ಮದ್ದೆಂದು ನಾನೂ ಓದಿದ್ದೆ. ಓದಿದ್ದು ನೆನಪಾದದ್ದು ಆತ ಕೂಗಿದ ಮೇಲೆ. ಬಿದಿರಿನ ಗೊಟ್ಟದಲ್ಲಿ ಚಹಾ ಕುಡಿಸಿದ ಮೇಲೆ ಒಂದು ತಾಸಿಗೆ ಕುರಿ ಎದ್ದು ನಿಂತಿತು.

ಮುದುಕಿ ಆತನ ಕೆನ್ನೆ ಸವರಿ ನೆಟಿಗೆ ಮುರಿದಳು. "ಸಣ್ಣ ಸಾಹೇಬ, ನೀ ಇರಲಿಲ್ಲಂದ್ರ ಇದು ಹೋಗಿಬಿಡತಿತ್ತು ನೋಡಪಾ" ಎಂದಳು. ನನ್ನ ಕಡೆ ತಿರುಗಿ, ಮರ್ಯಾದೆ ಬಿಡದೆ, "ನೀವ ಬರ್ಕೊಂಡ್ರೇನ್ರಿ ಮಾಸ್ತರ?" ಎಂದು ಕೇಳಿದಳು.

ಬರೆದುಕೊಂಡಿದ್ದೆ. ಕುರಿ ಬಿದ್ದ ಸಮಯ, ಎದ್ದ ಸಮಯ, ಎರಡನ್ನೂ. ಉಳಿಸಿದವನ ಹೆಸರಿಗೆ ಪುಸ್ತಕದಲ್ಲಿ ಕಾಲಮು ಇರಲಿಲ್ಲ.

ಬೆಳಗಾವಿಗೆ ಮರಳಿ ತಂಬಾಕಿನ ಪ್ರಮಾಣವನ್ನು ಇಳಿಸುತ್ತ ಹೋದೆ. ಮೂರರಲ್ಲಿ ಒಂದು ಪಾಲಿಗೆ ಬಂದಾಗ ಕುರಿಗೆ ಅಪಾಯವಿರಲಿಲ್ಲ. ಹುಳು ಹನ್ನೊಂದು ನಿಮಿಷಕ್ಕೆ ಸಾಯುತ್ತಿತ್ತು. ಸಾಕೆನಿಸಿತು.

ಅಷ್ಟರಲ್ಲಿ ತರುಣನಿಗೆ ಬೇರೆಯದೇ ಹುಚ್ಚು ಹಿಡಿದಿತ್ತು. ರಜೆಯಲ್ಲಿ ಗುಂಜಿ ಊರಿನ ಕಡೆ ಹೋಗಿದ್ದಾಗ, ಅಡವಿಯಂಚಿನಲ್ಲಿ ಇದ್ದಿಲು ಸುಡುವವರ ಎತ್ತೊಂದನ್ನು ನೋಡಿದನಂತೆ. ಅದರ ಹೆಗಲಿನ ಹುಣ್ಣಿಗೆ ಇದ್ದಿಲ ಭಟ್ಟಿಯ ಬುಡದಲ್ಲಿ ಒಸರುವ ಕರಿಯ ಜಿಗುಟೆಣ್ಣೆಯನ್ನು ಬಳಿದಿದ್ದರು.

"ಸುತ್ತೂಕಡೆ ನೊಣಾ ಮುತ್ತಿದ್ದೂರಿ. ಎತ್ತಿನ ಕಣ್ಣಿಗಿ, ಮೂಗಿಗಿ ಎಲ್ಲಾ. ಆದ್ರ ಹುಣ್ಣಿನ ಮ್ಯಾಲೆ ಒಂದೂ ಕೂತಿದ್ದಿಲ್ಲ. ಒಂದ ಅಂದ್ರ ಒಂದೂ ಇಲ್ಲರಿ!"

"ಎಷ್ಟು ಹೊತ್ತು ನೋಡಿದೆ?" ಎಂದು ಕೇಳಿದೆ.

"ಗಡಿಯಾಳ ಎಲ್ಲಿತ್ರಿ ನನ್ನ ಕಡೆ? ಎರಡ ಬೀಡಿ ಸೇದೂತನಾ ನೋಡಿದೆ."

ಹೀಗೆ ಎರಡು ಬೀಡಿಗಳ ಅಳತೆಯಿಂದ ಹುಟ್ಟಿದ್ದು ಆತನ ಔಷಧ. ಆ ಕರಿಯೆಣ್ಣೆಯನ್ನು ಎರಡು ಡಬ್ಬಿ ತುಂಬಿ ರೈಲಿನಲ್ಲಿ ತಂದ. ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿದ. ಮೊದಲು ಬರುವ ಹುಳಿನೀರನ್ನು ಚೆಲ್ಲಿ, ಕೊನೆಗೆ ಉಳಿಯುವ ಗಷ್ಟನ್ನು ಬಿಟ್ಟು, ನಡುವೆ ಬರುವ ಹಳದಿ ಕಂದು ಎಣ್ಣೆಯನ್ನು ಮಾತ್ರ ಹಿಡಿದ. ಅದನ್ನೇ ಹಚ್ಚಿದಾಗ ಕುರಿಯ ಚರ್ಮ ಕೆಂಪಾಯಿತು. ಬೇವಿನೆಣ್ಣೆ ಬೆರೆಸಿದ, ಪ್ರಮಾಣ ಬದಲಿಸಿದ, ತನ್ನ ಮುಂಗೈಗೆ ಹಚ್ಚಿಕೊಂಡು ಬೊಬ್ಬೆ ಎಬ್ಬಿಸಿಕೊಂಡ, ಮತ್ತೆ ಬೆರೆಸಿದ. ಪ್ರಮಾಣಗಳನ್ನು ಗೋಡೆಯ ಮೇಲೆ ಇದ್ದಿಲಿನಿಂದ ಗೀಚುತ್ತಿದ್ದ. ನನ್ನ ನಿಯಮಪತ್ರದ ಕೆಳಗೇ ಗೀಚುತ್ತಿದ್ದ. ಅವನ್ನು ಪುಸ್ತಕಕ್ಕೆ ಇಳಿಸುವ ಕೆಲಸ ನನ್ನದು.

ಆತನ ಔಷಧದಲ್ಲಿ ಹುಳು ಸಾಯಲು ನಲವತ್ತು ನಿಮಿಷ ಬೇಕಾಯಿತು. ಅದನ್ನು ಬರೆದ ದಿನ ನನಗೆ ಊಟ ರುಚಿಸಿತು. ಆದರೆ ಬಲೆಬಟ್ಟೆ ಕಟ್ಟಿದ ಗಡಿಗೆಯೊಳಗೆ ನೊಣಗಳನ್ನು ಬಿಟ್ಟು, ಔಷಧ ಸವರಿದ ಯಕೃತ್ತಿನ ತುಂಡುಗಳನ್ನಿಟ್ಟು ನೋಡಿದಾಗ, ನನ್ನ ಔಷಧದ ತುಂಡಿನ ಮೇಲೆ ಮೂರನೆಯ ದಿನವೇ ಮೊಟ್ಟೆಗಳಿದ್ದವು. ಆತನ ತುಂಡಿನ ಮೇಲೆ ಆರು ದಿನವಾದರೂ ನೊಣ ಕೂರಲಿಲ್ಲ. ಅದನ್ನೂ ಬರೆದೆ. ಆ ಒಂದು ಸಾಲಿನ ಅಕ್ಷರಗಳು ಉಳಿದವುಗಳಿಗಿಂತ ಸಣ್ಣವಾಗಿರುವುದನ್ನು ಇಂದು ಪುಸ್ತಕ ತೆರೆದರೂ ಕಾಣಬಹುದು.

ನವರಾತ್ರಿಗೆ ಮುಂಚೆ ಸಾಹುಕಾರರು ಶೆಡ್ಡಿಗೆ ಬಂದು, ಮೂಗಿಗೆ ಶಲ್ಯ ಹಿಡಿದುಕೊಂಡೇ ತೀರ್ಮಾನ ಹೇಳಿದರು. "ಎರಡೆರಡು ಔಷಧ ಮಾರಾಕ ನನಗ ಆಗೂದಿಲ್ಲ. ಹಬ್ಬ ಆದಮ್ಯಾಲೆ ಕತ್ತರಿ ಹಾಕ್ತಾರಲ್ಲ, ಆವಾಗ ಪರೀಕ್ಷಾ ಮಾಡ್ರಿ. ದನದ ದವಾಖಾನಿ ಸಾಹೇಬ್ರು ಬಂದ ನೋಡ್ಲಿ. ಯಾರದು ಗೆದ್ದೀತೋ ಅದರ ಮ್ಯಾಲೆ ಅವರ ಹೆಸರು, ಶೆಡ್ಡೂ ಅವರ ಕೈಯಾಗ. ಖರೇ ಅಂದ್ರ ನನಗ ಇಬ್ಬರೂ ಬೇಕ್ರಿ. ಆದ್ರ ಹಿರೇತನ ಒಬ್ರಿಗೇ."

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ನನ್ನ ಹಳೆಯ ವಿದ್ಯಾರ್ಥಿಯ ಕೈಕೆಳಗೆ ಕೂರಬೇಕಾದೀತು ಎಂಬುದು ಆ ಮಾತಿನ ಅರ್ಥ. ಆತನಿಗೆ ಅದು ಹೊಳೆದೇ ಇರಲಿಲ್ಲವೆಂದು ತೋರುತ್ತದೆ. "ಪರೀಕ್ಷಾ ಹ್ಯಾಂಗ ಮಾಡೂದು ನೀವ ಬರೀರಿ ಮಾಸ್ತರ. ಕುರಿ ಹಿಡಿಯೂದು ನಂದು" ಎಂದ. ಅಷ್ಟೇ.

ಪರೀಕ್ಷೆಯ ಕ್ರಮವನ್ನು ನಾನು ನಾಲ್ಕು ಪುಟ ಬರೆದೆ. ಪಾರಿಶ್ವಾಡದ ಅದೇ ಹಿಂಡಿನಲ್ಲಿ, ಕತ್ತರಿಯ ಗಾಯವಾದ ಇಪ್ಪತ್ತನಾಲ್ಕು ಕುರಿಗಳು. ಹನ್ನೆರಡು ಆತನ ಔಷಧಕ್ಕೆ, ಹನ್ನೆರಡು ನನ್ನದಕ್ಕೆ. ಮೊದಲ ದಿನ, ನಾಲ್ಕನೆಯ ದಿನ, ಎಂಟನೆಯ ದಿನ ಲೇಪನ. ಹದಿನೈದನೆಯ ದಿನ ಅಂತಿಮ ವೀಕ್ಷಣೆ. ಪ್ರತಿಸಲವೂ ಬೆಳಿಗ್ಗೆ ಹತ್ತಕ್ಕೆ, ಮೇಯುವ ಜಾಗದಲ್ಲಿ, ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ಯಾವ ಕುರಿಗೆ ಯಾವ ಔಷಧವೆಂದು ತಿಳಿಯಲು ಹಣೆಯ ಮೇಲೆ ಗುರುತು ಹಾಕತಕ್ಕದ್ದು. ಆತನ ಕುರಿಗಳಿಗೆ ಕೆಮ್ಮಣ್ಣು, ನನ್ನವಕ್ಕೆ ನೀಲಿ.

ನೀಲಿ ಮೊದಲ ಮಳೆಗೇ ತೊಳೆದುಹೋಯಿತು. ಆಗ ನಾನು ಅರಿಶಿನದ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ಕಲಸಿ ನನ್ನ ಹನ್ನೆರಡು ಕುರಿಗಳ ಹಣೆಗೆ ದೊಡ್ಡದಾಗಿ ಬಳಿದೆ. ಕೆಮ್ಮಣ್ಣನ್ನೂ ಅದೇ ಎಣ್ಣೆಯಲ್ಲಿ ಕಲಸಿ ಆತನ ಕುರಿಗಳಿಗೆ ಬಳಿದೆವು. "ಅಗಸೆಯೆಣ್ಣೆ ಒಣಗಿದ ಮೇಲೆ ಯಾವ ಮಳೆಗೂ ಇಳಿಯದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕುರಿಗಾರ ದಂಪತಿಗಳು ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಮುದುಕಿ ಒಂದು ಸಲ ಕೈಮುಗಿದಳು. ನನ್ನ ಶ್ರಮಕ್ಕೆ ಗೌರವ ತೋರಿದಳೆಂದು ಭಾವಿಸಿದೆ.

ಆ ವರ್ಷ ಮಳೆ ಬಿಡಲಿಲ್ಲ. ನೊಣಗಳಿಗೆ ಸುಗ್ಗಿ. ನಾಲ್ಕನೆಯ ದಿನ ನೋಡಿದಾಗ ಕೆಂಪು ಗುರುತಿನ ಒಂದು ಕುರಿಯ ಗಾಯದಲ್ಲಿ ಹುಳು. ಎಂಟನೆಯ ದಿನ ಅಂಥವು ಮೂರು. ನನ್ನ ಹಳದಿ ಕುರಿಗಳ ಗಾಯಗಳು ಒಣಗಿ ಹಕ್ಕಳೆಗಟ್ಟುತ್ತಿದ್ದವು. ಗಡಿಗೆಯೊಳಗಿನ ಪರೀಕ್ಷೆ ಹೇಳಿದ್ದಕ್ಕೆ ಇದು ತೀರ ವಿರುದ್ಧವಾಗಿತ್ತು. ವಿರುದ್ಧವಾದದ್ದು ಏಕೆ ಎಂದು ವಿಚಾರಿಸುವುದು ಕ್ರಮ. ನಾನು ವಿಚಾರಿಸಲಿಲ್ಲ.

ತರುಣ ಮಾತ್ರ ನನ್ನ ಕುರಿಯೊಂದನ್ನು ಮಂಡಿಗಳ ನಡುವೆ ಹಿಡಿದು ಗಾಯವನ್ನು ಬಹಳ ಹೊತ್ತು ನೋಡಿದ. ಮೂಸಿದ.

"ಮಾಸ್ತರ, ಗಾಯದಾಗ ಹಳದಿ ಐತೆಲ್ರಿ. ಇದ ಹ್ಯಾಂಗ ಬಂತು?"

"ಹಣೆಯ ಬಣ್ಣ ಮಳೆಗೆ ಇಳಿದಿದೆ."

"ಹಣಿಯಿಂದ ಬೆನ್ನಿಗೆ ಇಳೀತೇನ್ರಿ?" ಎಂದು ನಕ್ಕ. "ಯಾವ ಮಳಿಗೂ ಇಳಿಯೂದಿಲ್ಲಂದಿದ್ರಿ?"

"ಕುರಿಗಳು ಒಂದಕ್ಕೊಂದು ತಲೆ ಉಜ್ಜುತ್ತವೆ. ನೀನು ಕುರಿಯನ್ನು ಹಿಡಿ, ಬರೆಯುವುದನ್ನು ನನಗೆ ಬಿಡು" ಎಂದೆ. ಆತ ಸುಮ್ಮನಾದ. ಆತನನ್ನು ನಾನು ಸುಮ್ಮನಾಗಿಸಿದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಅದರಿಂದ ಸಂತೋಷವಾಯಿತು.

ಹದಿನಾಲ್ಕನೆಯ ದಿನ ಸಂಜೆ ನಾನು ಒಬ್ಬನೇ ಪಾರಿಶ್ವಾಡ ತಲುಪಿ ಚಾವಡಿಯಲ್ಲಿ ಇಳಿದುಕೊಂಡೆ. ಪಶುವೈದ್ಯ ಸಾಹೇಬರೂ ಸಾಹುಕಾರರೂ ತರುಣನೂ ಮರುದಿನ ಹತ್ತಕ್ಕೆ ಬರುವವರಿದ್ದರು. ಒಂದು ದಿನ ಮುಂಚೆ ಹೋಗುವ ಅಗತ್ಯ ನನಗಿರಲಿಲ್ಲ. ಗೆಲುವನ್ನು ಯಾರೂ ಇಲ್ಲದಾಗ ಒಮ್ಮೆ ಕಣ್ತುಂಬ ನೋಡಬೇಕೆಂಬ ಆಸೆ, ಅಷ್ಟೆ. ಬೆಳಗಿನ ಜಾವ ಮಂಜಿನಲ್ಲಿಯೇ ಮಾಳ ಹತ್ತಿದೆ. ಹಿಂಡನ್ನು ಇನ್ನೂ ಮೇಯಲು ಬಿಟ್ಟಿರಲಿಲ್ಲ. ಅಲ್ಲಿಯವರೆಗೆ ಎಂದೂ ಆ ಹೊತ್ತಿಗೆ ನಾನು ಹೋಗಿರಲಿಲ್ಲ. ಹತ್ತು ಗಂಟೆಯೆಂದು ನಾನೇ ಬರೆದಿದ್ದೆನಲ್ಲ.

ಹಿಂಡು ತಗ್ಗಿನಲ್ಲಿತ್ತು. ರಾತ್ರಿಯ ಮಳೆಗೆ ಹಿಕ್ಕೆಯೂ ಮಣ್ಣೂ ಕಲಸಿ ಕೆಸರಾಗಿದ್ದ ನೆಲದಲ್ಲಿ ಕುರಿಗಳು ಒತ್ತಾಗಿ ಮಲಗಿದ್ದವು. ಅವುಗಳ ನಡುವೆ ಅಲ್ಲಲ್ಲಿ ಕೆಂಪು ಹಣೆಗಳು ಕಂಡವು. ಹಳದಿ ಹಣೆ ಒಂದೂ ಇರಲಿಲ್ಲ.

ಅವು ಮೇಲಿನ ಹಾಸುಬಂಡೆಯ ಮೇಲಿದ್ದವು. ನಾಲ್ಕು ಗೂಟ ನೆಟ್ಟು ಕಂಬಳಿ ಕಟ್ಟಿದ ಮರೆ; ಕೆಳಗೆ ಒಣಗಿದ ಹುಲ್ಲು; ಪಕ್ಕದಲ್ಲಿ ಕುಳ್ಳಿನ ಹೊಗೆ. ಹನ್ನೆರಡೂ ಬೆಚ್ಚಗೆ ಮಲಗಿ ಮೆಲುಕು ಹಾಕುತ್ತಿದ್ದವು. ಮುದುಕಿ ಒಂದರ ಪಕ್ಕದಲ್ಲಿ ಕುಳಿತು ಉಣ್ಣೆಯನ್ನು ಬೆರಳಿನಿಂದ ಸರಿಸಿ, ನೊಣದ ಮೊಟ್ಟೆಗಳನ್ನು ಉಗುರಿನಿಂದ ಕೆದರಿ ತೆಗೆದು, ಗಾಯಕ್ಕೆ ಚೀಲದಿಂದ ಚಿಟಿಕೆ ಚಿಟಿಕೆ ಹಳದಿ ಪುಡಿ ಉದುರಿಸುತ್ತಿದ್ದಳು.

"ಬರ್ರಿ ಮಾಸ್ತರ, ಕುಂದರ್ರಿ. ನೀವೂ ಹೊತ್ತೇರೂಕಿಂತ ಮೊದಲ ಬಂದ್ರಿ?" ಎಂದಳು.

"ಇದೇನು ಹಾಕುತ್ತಿದ್ದೀ?"

"ಭಂಡಾರರೀ. ಬೀರಪ್ಪ ದೇವರ ಅರಿಷಿಣಾ."

"ಎಷ್ಟು ದಿನದಿಂದ?"

"ನೀವ ಹಚ್ಚಿದ ದಿನದಿಂದ್ರಿ. ಮುಂಜಾನಿಗೊಮ್ಮಿ, ಸಂಜೀಗೊಮ್ಮಿ."

"ನಾನು ಭಂಡಾರ ಹಚ್ಚಲಿಲ್ಲ. ಅದು ಗುರುತು."

ಮುದುಕಿ ನನ್ನ ಮುಖ ನೋಡಿದಳು. ತಿಳಿಯದ ಮಗುವಿಗೆ ಹೇಳುವಂತೆ ಹೇಳಿದಳು: "ಹಣಿ ತುಂಬ ಅರಿಷಿಣಾ ಬಡದೀರಿ. ಅದೂ ನವರಾತ್ರಿ ಮಗ್ಗಲದಾಗ. ಅವು ದೇವರಿಗಿ ಬಿಟ್ಟ ಕುರಿ ಆದುವಲ್ರಿ. ದೇವರ ಕುರೀನ ಕೆಸರಾಗ ಹಾಕತಾರೇನು? ಹುಳಾ ಬಿದ್ರ ಯಾರ ತಲೀಗಿ ಬರತೈತಿ?"

"ಕೆಂಪು ಕುರಿಗಳಿಗೆ ಏನು ಮಾಡಿದೆ?"

"ಅವಕ್ಕೇನು ಮಾಡೂದ್ರಿ? ಅವು ಸಣ್ಣ ಸಾಹೇಬ್ರ ಕುರಿ. ಸಾಹೇಬ್ರ ಔಷಧ ಐತೆಲ್ಲಾ!"

"ನನ್ನನ್ನು ಏಕೆ ಕೇಳಲಿಲ್ಲ?"

"ಹರಕಿ ಏನಂತ ಕೇಳಬಾರದ್ರಿ ಯಪ್ಪಾ. ಕೇಳಿದ್ರ ಫಲ ಹೋಗತೈತಿ."

ಅವಳ ತಪ್ಪೇನೂ ಇರಲಿಲ್ಲ. ಕುರಿಗಾರರ ನಡುವೆ ಅರಿಶಿನದ ಹಣೆಗೆ ಏನರ್ಥವೆಂದು ಈ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ನಾನು ಬಲ್ಲೆ. ನಾಲ್ಕು ಪುಟದ ಕ್ರಮದಲ್ಲಿ ನಾನು ಮಳೆಯನ್ನು ಎಣಿಸಿದ್ದೆ, ಬೆಳಕನ್ನು ಎಣಿಸಿದ್ದೆ, ಎಣ್ಣೆ ಒಣಗುವ ಸಮಯವನ್ನೂ ಎಣಿಸಿದ್ದೆ. ನೋಡುತ್ತ ನಿಂತ ಇಬ್ಬರನ್ನು ಎಣಿಸಿರಲಿಲ್ಲ.

ಹತ್ತು ಗಂಟೆಗೆ ಇನ್ನೂ ಮೂರು ತಾಸಿತ್ತು. ಇಪ್ಪತ್ತನಾಲ್ಕು ಕುರಿಗಳ ಗಾಯಗಳನ್ನೂ ನೋಡಿ ಬಂದು, ಬಂಡೆಯ ಅಂಚಿನಲ್ಲಿ ಕುಳಿತು ಪುಸ್ತಕ ತೆರೆದೆ. ಹಳದಿ ಗುರುತಿನಲ್ಲಿ ಹುಳು ಬಿದ್ದವು ಎರಡು. ಕೆಂಪು ಗುರುತಿನಲ್ಲಿ ಏಳು. ಇವೆರಡೂ ನಿಜವಾದ ಅಂಕಿಗಳು. ನಾನು ಏನನ್ನೂ ತಿದ್ದಬೇಕಾಗಿರಲಿಲ್ಲ. ಬರೆದದ್ದನ್ನು ಓದಿದರೆ ಸಾಕು. ಮುದುಕಿ ಹರಕೆಯ ಮಾತನ್ನು ತಾನಾಗಿ ಯಾರಿಗೂ ಹೇಳುವವಳಲ್ಲ. ಶೆಡ್ಡು ನನ್ನದಾಗುತ್ತಿತ್ತು.

ಆಗ ನನ್ನ ಮನಸ್ಸಿನಲ್ಲಿ ಧರ್ಮಾಧರ್ಮಗಳ ಚರ್ಚೆ ನಡೆಯಿತೆಂದು ಬರೆದರೆ ಅದು ಅಲಂಕಾರವಾದೀತು. ನಾನು ಯೋಚಿಸಿದ್ದು ಆ ತರುಣನನ್ನು ಕುರಿತು. ಒಂದು ದಿನ ಅವನು ಇದನ್ನು ಕಂಡುಹಿಡಿಯುತ್ತಾನೆ. ಗಾಯವನ್ನು ಮೂಸಿದವನು ಅವನು. ಕಂಡುಹಿಡಿದು ಏನು ಮಾಡುತ್ತಾನೆ? ಸಾಹುಕಾರರ ಬಳಿ ಓಡುವುದಿಲ್ಲ. ನಗುತ್ತಾನೆ. "ಹೋಗ್ಲಿ ಬಿಡ್ರಿ ಮಾಸ್ತರ" ಎನ್ನುತ್ತಾನೆ. ಬಿದ್ದ ಕುರಿಯನ್ನು ಹೊತ್ತುಕೊಂಡು ಓಡಿದಂತೆ ನನ್ನನ್ನೂ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅವನ ಕೈಕೆಳಗೆ ಕೂರುವುದನ್ನು ಹೇಗೋ ಸಹಿಸಬಹುದು. ಅವನ ಆ ನಗೆಯನ್ನು ಸಹಿಸಲಾರೆ ಎನಿಸಿತು. ಲೇಖನಿ ತೆಗೆದು ಷರಾ ಬರೆದೆ.

ಹತ್ತಕ್ಕೆ ಎಲ್ಲರೂ ಬಂದರು. ಪಶುವೈದ್ಯ ಸಾಹೇಬರು ಇಪ್ಪತ್ತನಾಲ್ಕು ಕುರಿಗಳನ್ನೂ ತಾವೇ ನೋಡಿ, ನಾನು ಓದಿದ ಅಂಕಿಗಳನ್ನು ತಾಳೆ ಹಾಕಿದರು. "ಶಾಬಾಸ್ ಮಾಸ್ತರ! ಸಾವಕಾರ್ರ, ಇದರಾಗ ಇನ್ನ ಮಾತಽ ಇಲ್ಲ" ಎಂದರು. ಸಾಹುಕಾರರು ನನ್ನ ಕೈ ಹಿಡಿಯಲು ಮುಂದೆ ಬಂದರು.

"ಷರಾ ಓದುವುದಿದೆ" ಎಂದೆ.

ಓದಿದೆ. ಹಾಸುಬಂಡೆ, ಕಂಬಳಿಯ ಮರೆ, ಹುಲ್ಲು, ಹೊಗೆ, ದಿನಕ್ಕೆರಡು ಸಲ ಭಂಡಾರ, ಕೈಯಿಂದ ಮೊಟ್ಟೆ ತೆಗೆದದ್ದು. 'ಆದುದರಿಂದ ಈ ಪರೀಕ್ಷೆಯಲ್ಲಿ ಪರೀಕ್ಷಿತವಾದದ್ದು ಔಷಧವಲ್ಲ. ಗುರುತಿನ ಬಣ್ಣವನ್ನು ಆರಿಸಿದವನ ದೋಷದಿಂದ ಇದು ಕೆಟ್ಟಿದೆ. ಮತ್ತೆ ನಡೆಸತಕ್ಕದ್ದು.'

ಸಾಹುಕಾರರು ಮುದುಕಿಯ ಕಡೆ ನೋಡಿದರು. ಮುದುಕಿ ನನ್ನ ಕಡೆ ನೋಡಿ, "ಹೇಳಿಬಿಟ್ರೇನ್ರಿ? ಫಲಾ ಹೋತು ನೋಡ್ರಿ" ಎಂದಳು. ಸಾಹೇಬರು ಬಿದ್ದು ಬಿದ್ದು ನಕ್ಕರು. ತರುಣ ಒಬ್ಬನೇ ನಗಲಿಲ್ಲ.

ಮರಳಿ ಖಾನಾಪುರಕ್ಕೆ ಎತ್ತಿನ ಗಾಡಿಯಲ್ಲಿ ನಾವಿಬ್ಬರೇ ಬಂದೆವು. ಬಹಳ ದೂರ ಸಾಗಿದ ಮೇಲೆ ಆತ, "ಇವತ್ತ ಬುಧವಾರ ಅಲ್ರೀ? ನಾ ಶನಿವಾರ ಬಂದಿದ್ದೆ ಮಾಸ್ತರ" ಎಂದ.

"ಎಲ್ಲಿಗೆ?"

"ಮಾಳಕ್ಕ. ಊರಿಗಿ ಬಂದಾಂವ ಮುಂಜಾನೆದ್ದು ಹಂಗಽ ಬಂದೆ. ಗಾಯದಾಗಿನ ಹಳದಿ ತಲಿಯಾಗ ಕೊರೀತಿತ್ತು. ಆಯಿ ಎಲ್ಲಾ ಹೇಳಿದ್ಳು. ಚಾ ಕುಡದ ಹೋದೆ."

ಮುದುಕಿ 'ನೀವೂ' ಎಂದದ್ದು ಆಗ ನೆನಪಾಯಿತು.

"ನಾಲ್ಕು ದಿನದಿಂದ ನಿನಗೆ ಗೊತ್ತಿತ್ತು. ಏಕೆ ಹೇಳಲಿಲ್ಲ?"

ಆತ ಎತ್ತುಗಳ ಬೆನ್ನನ್ನೇ ನೋಡುತ್ತಿದ್ದ. "ನಿಮಗ ಶೆಡ್ಡು ಭಾಳ ಬೇಕಾಗಿತ್ರಿ. ನನಗೇನು, ಎಲ್ಲಿ ಬೇಕಾದಲ್ಲಿ ಭಟ್ಟಿ ಇಡ್ತೀನಿ."

ನಾನು ಗೆದ್ದೆನೆಂದು ಬಗೆದು ಉಂಡ ಊಟ, ಮಾಡಿದ ನಿದ್ದೆ, ಬೆಳಗಾವಿಯಿಂದ ಒಂದು ದಿನ ಮುಂಚೆ ಹೊರಟ ಸಡಗರ, ಎಲ್ಲವೂ ಆತ ಕೊಟ್ಟ ಭಿಕ್ಷೆಯಾಗಿತ್ತು. ಯಾವ ನಗೆಗೆ ಹೆದರಿ ನಾನು ಷರಾ ಬರೆದೆನೋ ಅದನ್ನು ಆತ ನಾಲ್ಕು ದಿನ ಮೊದಲೇ, ನನಗೆ ಕಾಣದಂತೆ, ನಕ್ಕು ಮುಗಿಸಿದ್ದ. ಸ್ಟೇಷನ್ನು ಬಂತು. ಇಳಿಯುವಾಗ ಆತ ನನ್ನ ಪುಸ್ತಕದ ಗಂಟನ್ನು ಹಿಡಿದುಕೊಳ್ಳಲು ಕೈ ಚಾಚಿದ. ಕೊಡಲಿಲ್ಲ.

ಎರಡನೆಯ ಪರೀಕ್ಷೆಗೆ ಪಕ್ಕದ ಹಿಂಡಿನಿಂದ, ಆಗತಾನೆ ಕತ್ತರಿ ಹಾಕಿಸಿಕೊಂಡ ಇಪ್ಪತ್ತನಾಲ್ಕು ಕುರಿಗಳನ್ನು ಆರಿಸಿದೆವು. ಬಣ್ಣವಿಲ್ಲ, ಕೊರಳಿಗೆ ಒಂದೇ ಬಗೆಯ ಮರದ ಬಿಲ್ಲೆ, ಅದರ ಮೇಲೆ ಸುಟ್ಟು ಬರೆದ ಸಂಖ್ಯೆ. ಎಲ್ಲವೂ ಒಂದೇ ನೆಲದಲ್ಲಿ ಮಲಗಬೇಕು. ನೋಡುವ ವೇಳೆ ಗೊತ್ತುಮಾಡಲಿಲ್ಲ. ಬೇಕಾದಾಗ ಹೋಗಿ ನೋಡುತ್ತಿದ್ದೆವು. ಆ ಮುದುಕಿಯೂ ಬಂದು ಬಿಲ್ಲೆಗಳನ್ನು ತಿರುಗಿಸಿ ನೋಡಿ, "ಇವಕ್ಕ ಯಾವ ದೇವರ್ರಿ?" ಎಂದು ಕೇಳಿದಳು.

"ಇವಕ್ಕೆ ಯಾವ ದೇವರೂ ಇಲ್ಲ."

"ಪಾಪ" ಎಂದಳು.

ಆತನ ಔಷಧದ ಹನ್ನೆರಡರಲ್ಲಿ ಎರಡಕ್ಕೆ ಹುಳು ಬಿದ್ದಿತು, ನನ್ನದರಲ್ಲಿ ಎಂಟಕ್ಕೆ. ಈ ಸಾಲನ್ನು ಉಳಿದ ಸಾಲುಗಳಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆದೆ.

ಶೆಡ್ಡು ಆತನ ಕೈಗೆ ಹೋಯಿತು. ನಾನು ಬಿಟ್ಟುಹೋಗುವೆನೆಂದು ಸಾಹುಕಾರರು ತಿಳಿದಿದ್ದರು, ಹೋಗಲಿಲ್ಲ. ದಾಖಲೆ ಪುಸ್ತಕ ನನ್ನ ಬಳಿಯೇ ಉಳಿಯಿತು. ಸೀಸೆಯ ಚೀಟಿ ಅಚ್ಚಾಗುವಾಗ ಕರಡು ತಿದ್ದಿದವನೂ ನಾನೇ. ಆತನ ಹೆಸರಿನಲ್ಲಿ ಅಚ್ಚಿನವರು ಮಾಡಿದ್ದ ಒಂದು ತಪ್ಪನ್ನು ನೋಡಿ, ಹಾಗೆಯೇ ಬಿಟ್ಟುಬಿಡಲೇ ಎಂದು ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ ತಿದ್ದಿದೆ. ಹೊಟ್ಟೆಕಿಚ್ಚು ಅಡಗಿತೆಂದು ಹೇಳಲಾರೆ. ಈಗಲೂ ಆತ ತಟ್ಟೆಯ ಮೇಲೆ ಬಾಗಿ "ಸತ್ತೈತ್ರಿ" ಎನ್ನುತ್ತಾನೆ. ನಾನು ಗಡಿಯಾರ ತೆಗೆಯುತ್ತೇನೆ.

ಮರುವರ್ಷ ಕತ್ತರಿಯ ಕಾಲದಲ್ಲಿ ಸೀಸೆಗಳನ್ನು ಹಂಚಲು ಪಾರಿಶ್ವಾಡದ ಮಾಳಕ್ಕೆ ಹೋದಾಗ, ಹಿಂಡಿನ ನಡುವೆ ಹಳದಿ ಹಣೆಗಳು ಕಂಡವು. ಎಣಿಸಿದೆ. ಹನ್ನೆರಡು.

"ಬಣ್ಣ ಇನ್ನೂ ಹೋಗಿಲ್ಲವೇ?" ಎಂದು ಕೇಳಿದೆ.

"ಹೋದ ಹಾಂಗ ಮತ್ತ ನಾನಽ ಹಚ್ಚತೇನ್ರಿ" ಎಂದಳು ಮುದುಕಿ. "ಮಾರಾಕ ಬರೂದಿಲ್ಲ, ಕೊಯ್ಯಾಕ ಬರೂದಿಲ್ಲ. ದೇವರಿಗಿ ಬಿಟ್ಟದ್ದು ಬಿಟ್ಟದ್ದಽ. ನನ್ನ ಮುದುಕ ದಿನಾ ನಿಮ್ಮ ಹೆಸರೀಲೆ ಬೈತಾನು. ಸಾಯೂತನಾ ಮೇಯಿಸಬೇಕಲ್ಲಂತ."

ತರುಣ ಅಲ್ಲಿಯೇ ನಿಂತು ಸೀಸೆಯ ಬಿರಡೆ ತೆಗೆದು ಯಾರಿಗೋ ಹಚ್ಚುವ ಬಗೆಯನ್ನು ತೋರಿಸುತ್ತಿದ್ದ. ಆತನ ಔಷಧದಿಂದ ಉಳಿದ ಕುರಿಗಳೆಷ್ಟೆಂದು ನನ್ನ ಪುಸ್ತಕದಲ್ಲಿ ಊರೂರಿನ ಪ್ರಕಾರ ಬರೆದಿದೆ. ಈ ಹನ್ನೆರಡನ್ನು ಯಾರ ಸಾಲಿಗೆ ಸೇರಿಸಬೇಕೆಂದು ಮಾತ್ರ ನಿರ್ಧಾರವಾಗಿಲ್ಲ. ಆ ಪುಟದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.